ಪಾಚಿ ಇರಲಿ, ಮೊದಲು ಚಾವಣಿ ನೋಡಿ

ಸಾಗರದ ಅಡಿಕೆ ಬೆಳೆಗಾರರೊಬ್ಬರ ಪತ್ರ: ‘ಆಷಾಢದ ಮಳೆಯಲ್ಲಿ ನೆಂಟರನ್ನು ಕರೆದುಕೊಂಡು ಇಕ್ಕೇರಿ ಅಘೋರೇಶ್ವರನ ಗುಡಿಗೆ ಹೋಗಿದ್ದೆ. ಗೋಡೆಯೆಲ್ಲ ಕಪ್ಪಗೆ ಪಾಚಿ. ಒಳಗೆ ಒಂದು ಕಡೆ ನೀರು ತೊಟ್ಟಿಕ್ಕುತ್ತಿತ್ತು. ಊರವರೇ ಸೇರಿ ಆಸಿಡ್ ಹಾಕಿ ತೊಳೆದು ಬಣ್ಣ ಹೊಡೆಸಬಾರದೇ? ಬೇಲೂರಿನಷ್ಟು ಕೆತ್ತನೆಯೂ ಇಲ್ಲಿಲ್ಲ, ಯಾಕೆ?’

ಸಂಪಾದಕರ ಉತ್ತರ:

ಆಸಿಡ್ ಮಾತ್ರ ಬೇಡ ಮಾರಾಯ್ರೇ. ಉಳಿದದ್ದು ಆಮೇಲೆ ಮಾತಾಡೋಣ.

ಕೆತ್ತನೆಯ ವಿಷಯ ಮೊದಲು. ಬೇಲೂರಿನದು ಬಳಪದ ಕಲ್ಲು. ಹೊಸದಾಗಿ ತೆಗೆದಾಗ ಮೆತ್ತಗಿರುತ್ತದೆ, ಕೊರಳ ಸರದ ಒಂದೊಂದು ಮಣಿಯನ್ನೂ ಬಿಡಿಸಬಹುದು. ಇಕ್ಕೇರಿಯದು ಗಟ್ಟಿ ಗ್ರಾನೈಟ್. ಅಂಥ ಕಲ್ಲಿನಲ್ಲೂ ಗರ್ಭಗುಡಿಯ ಪೀಠದ ಸುತ್ತ 32 ಹೆಣ್ಣು ಮೂರ್ತಿಗಳನ್ನು ಕಡೆದಿದ್ದಾರೆ. ನೆಲದಲ್ಲಿ ದೇವರಿಗೆ ನಮಸ್ಕರಿಸುವ ಮೂವರು ಕೆಳದಿ ನಾಯಕರಿದ್ದಾರೆ, ಹೆಸರಿನ ಸಮೇತ. ಒಬ್ಬನ ಕೈಕಾಲಿಗೆ ಬೇಡಿ! ಅವನಿಗೆ ಹುಚ್ಚು ಹಿಡಿದಿತ್ತಂತೆ. ನೆಂಟರಿಗೆ ತೋರಿಸಿದಿರೋ ಇಲ್ಲವೋ?

ನೀವು ಅಡಿಕೆಯವರು, ಇದನ್ನು ಕೇಳಲೇಬೇಕು. ಸುಮಾರು 1560ರಿಂದ 1640ರವರೆಗೆ ಇಕ್ಕೇರಿಯೇ ಕೆಳದಿಯವರ ರಾಜಧಾನಿ. ಈ ಗುಡಿಯ ನಡುಗಂಬಗಳ ನಡುವಿನ ಅಂತರವನ್ನೇ ತೋಟ ಅಳೆಯುವ ಕೋಲಿಗೆ ಅಳತೆಯಾಗಿ ಇಟ್ಟುಕೊಂಡಿದ್ದರು. ಇಂದಿನ ಲೆಕ್ಕದಲ್ಲಿ 18 ಅಡಿ 6 ಅಂಗುಲ. ಒಂದು ಮರಕ್ಕೆ ಬಿಡುವ ಅಷ್ಟು ಜಾಗಕ್ಕೆ ‘ದಾಯ’ ಎನ್ನುತ್ತಿದ್ದರು. ಮುಂದಿನ ಸಲ ಹೋದಾಗ ಆ ಕಂಬಗಳ ನಡುವೆ ಸುಮ್ನೆ ಒಂದು ನಿಮಿಷ ನಿಂತು ನೋಡಿ.

ಇನ್ನು ಪಾಚಿ. ನಮ್ಮ ಮಳೆಗೆ ಪಾಚಿ ಬರದಿದ್ದರೇ ಆಶ್ಚರ್ಯ. ನೋಡಲು ಚೆಂದವಿಲ್ಲ, ಒಪ್ಪುತ್ತೇನೆ. ಬಲ್ಲವರು ಅದನ್ನು ಮೆತ್ತನೆ ಬ್ರಷ್‌ನಲ್ಲಿ ನಿಧಾನವಾಗಿ ತೆಗೆಯುತ್ತಾರೆ. ಆಸಿಡ್ ಹಾಕಿದರೆ ಕಲ್ಲಿನ ಮೈಯೇ ಒರಟಾಗುತ್ತದೆ. ಒರಟು ಮೈಯಲ್ಲಿ ನೀರು ಜಾಸ್ತಿ ನಿಲ್ಲುತ್ತದೆ, ಪಾಚಿ ಇನ್ನೂ ಬೇಗ ಬರುತ್ತದೆ. ಬಣ್ಣದ ಕಥೆ ನಮ್ಮೂರಿನ ಸಣ್ಣ ಗುಡಿಯಲ್ಲೇ ಕಂಡಿದ್ದೇನೆ. ಜೀರ್ಣೋದ್ಧಾರ ಅಂತ ದ್ವಾರಪಾಲಕರಿಗೆ ಎನಾಮಲ್ ಬಳಿದರು. ಎರಡು ಮಳೆಗಾಲಕ್ಕೆ ಬಣ್ಣ ಬೊಬ್ಬೆ ಎದ್ದು ಉದುರಿತು. ಜೊತೆಗೆ ಒಬ್ಬನ ಮೂಗಿನ ತುದಿಯೂ ಹೋಯಿತು.

ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಪಾಚಿಯಲ್ಲ, ಆ ತೊಟ್ಟಿಕ್ಕುವ ನೀರು. ಇಂಥ ಗುಡಿಗಳ ಮೇಲೆ ಕಲ್ಲಿನ ಚಪ್ಪಡಿ, ಅದರ ಮೇಲೆ ಸುಣ್ಣದ ಗಾರೆ. ಗಾರೆ ಬಿರಿದರೆ ಸಂದಿಗೆ ನೀರು ಇಳಿಯುತ್ತದೆ. ತರಗೆಲೆ ಕೊಳೆತು ಮಣ್ಣಾಗುತ್ತದೆ. ಹಕ್ಕಿ ಹಾಕಿದ ಬೀಜದಿಂದ ಅರಳಿ ಸಸಿ ಹುಟ್ಟುತ್ತದೆ. ಬೆರಳುದ್ದ ಇದ್ದಾಗ ಕಿತ್ತರೆ ಸರಿ, ಬಿಟ್ಟರೆ ಬೇರು ಚಪ್ಪಡಿಯನ್ನೇ ಎತ್ತುತ್ತದೆ. ಸಿಮೆಂಟ್ ಮೆತ್ತಿದರೂ ಉಪಯೋಗವಿಲ್ಲ. ಅದು ನೀರನ್ನು ಒಳಗೇ ಕಟ್ಟಿಹಾಕುತ್ತದೆ, ಉಪ್ಪು ಬೇರೆ ಬಿಡುತ್ತದೆ. ಮನೆಯ ಹಂಚನ್ನು ನಾವು ಮಳೆಗೆ ಮೊದಲು ಕೈಯಾಡಿಸುತ್ತೇವೆ ಅಲ್ವಾ, ಗುಡಿಯ ಗಾರೆಗೂ ಅಂಥದ್ದೇ ಆರೈಕೆ ಬೇಕು.

ಆದರೆ ಇದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿ. ನಾವಾಗಿ ಏಣಿ ಹಾಕುವಂತಿಲ್ಲ. ನೀವು ಹತ್ತಿರದಲ್ಲೇ ಇದ್ದೀರಿ. ಜೋರು ಮಳೆಯ ದಿನ ಇನ್ನೊಮ್ಮೆ ಹೋಗಿ. ಎಷ್ಟನೇ ಕಂಬದ ಹತ್ತಿರ, ಯಾವ ಸಂದಿಯಿಂದ ನೀರು ಬೀಳುತ್ತದೆ ಅಂತ ಫೋಟೊ ತೆಗೆದು, ತಾರೀಖು ಹಾಕಿ ಇಲಾಖೆಗೆ ಬರೆಯಿರಿ. ಒಂದು ಪ್ರತಿ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.