ಎರಡು ಪೆಗ್ ಹಾಕಿದ ರಾತ್ರಿ ಇನ್ಸುಲಿನ್ ಬಿಡಬೇಕೇ?

ಪ್ರಶ್ನೆ: ನನಗೆ 52 ವರ್ಷ. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟವಿದೆ. ಬೆಳಿಗ್ಗೆ, ರಾತ್ರಿ ಊಟಕ್ಕೆ ಮುಂಚೆ 30/70 ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎರಡು ಪೆಗ್ ವಿಸ್ಕಿ ಆಗುತ್ತದೆ. ಆ ರಾತ್ರಿ ಇಂಜೆಕ್ಷನ್ ಬಿಡುತ್ತೇನೆ. ಸರಿಯೇ?

ಉತ್ತರ: ನೀವಾಗಿಯೇ ಬಿಡಬೇಡಿ, ಬೆಳಿಗ್ಗೆಗೆ ಸಕ್ಕರೆ ಏರಿ ಕೂತಿರುತ್ತದೆ. ಆದರೆ ಎಂಟಕ್ಕೆ ಚುಚ್ಚಿಕೊಂಡು, ಗ್ಲಾಸ್ ಹಿಡಿದು ಕೂತು, ಹನ್ನೊಂದಕ್ಕೆ ಊಟ ಮಾಡುವುದು ಅದಕ್ಕಿಂತ ಅಪಾಯ. 30/70ರಲ್ಲಿ ಶೇ 30 ಭಾಗ ಬೇಗ ಕೆಲಸ ಮಾಡುವ ಇನ್ಸುಲಿನ್. ಅರ್ಧ ಗಂಟೆಯೊಳಗೆ ಅದಕ್ಕೆ ಊಟ ಸಿಗಬೇಕು. ಉಳಿದ ಭಾಗ ರಾತ್ರಿಯಿಡೀ ಸಕ್ಕರೆ ಇಳಿಸುತ್ತಲೇ ಇರುತ್ತದೆ. ನಿದ್ದೆಯಲ್ಲಿ ಹಾಗೆ ಇಳಿದದ್ದನ್ನು ಲಿವರ್ ತಾನೇ ಸಕ್ಕರೆ ತಯಾರಿಸಿ ತುಂಬಿಕೊಡುತ್ತದೆ. ಮದ್ಯ ಒಳಗಿದ್ದರೆ ಆ ತಯಾರಿಕೆ ಕುಂಟುತ್ತದೆ. ಅದಕ್ಕೇ ಸಕ್ಕರೆ ಕುಸಿಯುವುದು ಹೆಚ್ಚಾಗಿ ಕುಡಿಯುವ ಹೊತ್ತಿಗಲ್ಲ, ಬೆಳಗಿನ ಜಾವಕ್ಕೆ. 24 ಗಂಟೆಯವರೆಗೂ ಈ ಭಯ ಇದ್ದೇ ಇದೆ.

ಎರಡು ಪೆಗ್ ಅಂದರೆ 30 ಮಿಲಿಯದ್ದೋ 60ರದ್ದೋ? ಎರಡು ಚಿಕ್ಕ ಪೆಗ್‌ನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅಲ್ಲಿಗೆ ನಿಲ್ಲಿಸಿ. ‘ಬಿಯರ್ ತಾನೇ’ ಅನ್ನುವವರಿಗೂ ಒಂದು ಮಾತು: 650 ಮಿಲಿ ಸ್ಟ್ರಾಂಗ್ ಬಿಯರ್ ನಾಲ್ಕು ಚಿಕ್ಕ ಪೆಗ್‌ಗೆ ಸಮ.

ಖಾಲಿ ಹೊಟ್ಟೆಯಲ್ಲಿ ಬೇಡ. ಕಬಾಬ್, ಆಮ್ಲೆಟ್ ನೆಂಚಿಕೊಂಡರೆ ಸಾಲದು, ಅದರಲ್ಲಿ ಪಿಷ್ಟವೇ ಕಡಿಮೆ. ಅಕ್ಕಿರೊಟ್ಟಿಯೋ ಅನ್ನವೋ ಎದುರಿಗೆ ಬಂದಾಗಲೇ ಚುಚ್ಚಿಕೊಳ್ಳಿ. ಊಟ ಸೇರುವುದಿಲ್ಲ ಎನಿಸಿದರೆ ಡೋಸ್ ಎಷ್ಟೆಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಂಡಿರಬೇಕು. ಮಲಗುವ ಮುಂಚೆ ಗ್ಲೂಕೋಮೀಟರ್‌ನಲ್ಲಿ ನೋಡಿ. 100ಕ್ಕಿಂತ ಕೆಳಗಿದ್ದರೆ ಇನ್ನೊಂದು ರೊಟ್ಟಿ ತಿಂದು ಮಲಗಿ.

ಬೆವರು, ಕೈನಡುಕ, ತೊದಲು ಮಾತು ಕಂಡರೆ ಮನೆಯವರು ‘ಕುಡಿದದ್ದು ಜಾಸ್ತಿಯಾಯ್ತು’ ಎಂದು ಹೊದಿಸಿ ಮಲಗಿಸಿಬಿಡುತ್ತಾರೆ. ಅದೇ ಎಡವಟ್ಟು. ಅವರಿಗೆ ಮೊದಲೇ ಹೇಳಿಡಿ: ಸಕ್ಕರೆ 70ಕ್ಕಿಂತ ಕೆಳಗಿದ್ದರೆ, ಅಥವಾ ನೋಡಲು ಮೀಟರ್ ಸಿಗದಿದ್ದರೆ, ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಬೇಕು, 15 ನಿಮಿಷಕ್ಕೆ ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಮಳೆಗೆ ಹಳ್ಳ ತುಂಬಿ ದಾರಿ ಕಟ್ಟುವ ಊರಾದರೆ ಆ ರಾತ್ರಿ ಕುಡಿಯದಿರುವುದೇ ಲೇಸು.

ಲಿವರ್ ತೊಂದರೆ, ಮೇದೋಜೀರಕದ ಉರಿಯೂತ, ಪಾದ ಜೋಮು ಇದ್ದವರಿಗೆ ಎರಡು ಪೆಗ್ಗೂ ಇಲ್ಲ.

ಮಾರನೆಯ ಬೆಳಿಗ್ಗೆ ಅಡಿಕೆ ಗೊನೆಗೆ ಔಷಧಿ ಹೊಡೆಯುವ ಕೆಲಸವಿದ್ದರೆ ಸಕ್ಕರೆ ನೋಡಿ, ತಿಂಡಿ ತಿಂದೇ ತೋಟಕ್ಕೆ ಇಳಿಯಿರಿ. ಮರ ಹತ್ತುವುದನ್ನು ಅವತ್ತು ಬೇರೆಯವರಿಗೆ ಬಿಡಿ.