ಭೂತದ ಸಿನಿಮಾಗಳ ಆ ಹೆಂಡದಂಗಡಿಯವನು ಮೈಕಲ್ ರಿಪ್ಪರ್
ಬ್ರಿಟನ್ನಿನ ಹ್ಯಾಮರ್ ಎಂಬ ಸಿನಿಮಾ ಕಂಪನಿಯ ಭೂತದ ಚಿತ್ರಗಳಲ್ಲಿ ಪದೇಪದೇ ಕಾಣುವ ಗೊಗ್ಗರು ದನಿಯ ಗಿಡ್ಡ ಆಸಾಮಿ ಯಾರು ಎಂದು ಕೇಳಿದ್ದಿರಿ. ಅವರು ನಟ ಮೈಕಲ್ ರಿಪ್ಪರ್. ಹುಟ್ಟಿದ್ದು 1913ರಲ್ಲಿ, ಪೋರ್ಟ್ಸ್‌ಮತ್‌ನಲ್ಲಿ. 1952ರಲ್ಲಿ ಥೈರಾಯ್ಡ್ ಆಪರೇಷನ್ ಆದಮೇಲೆ ನಾಟಕದ ಹಿಂದಿನ ಸಾಲಿಗೆ ಕೇಳುವಂತೆ ಮಾತಾಡಲಾಗಲಿಲ್ಲ, ಹಾಗಾಗಿ ಸಿನಿಮಾವೇ ಗತಿಯಾಯ್ತು. ಹ್ಯಾಮರ್‌ನಲ್ಲಿ ಅವರಷ್ಟು ಚಿತ್ರ ಮಾಡಿದವರು ಬೇರಿಲ್ಲ. ಅಲ್ಲಿನ ದೊಡ್ಡ ತಾರೆಗಳಾದ ಕ್ರಿಸ್ಟೋಫರ್ ಲೀ, ಪೀಟರ್ ಕುಶಿಂಗ್ ಕೂಡ ಹಿಂದೆ! ಪಾತ್ರಗಳೋ ಗಾಡಿಯವನು, ಪೊಲೀಸು, ಹೆಂಡದಂಗಡಿಯವನು.

ಒಂದೇ ನೋಡುವುದಾದರೆ 1966ರ 'ದಿ ರೆಪ್ಟೈಲ್' ನೋಡಿ. ಊರವರೆಲ್ಲ ಮುಖ ತಿರುಗಿಸಿದಾಗ ಹೊಸಬನ ಜತೆ ನಿಲ್ಲುವವನು ಇವರು ಮಾಡಿದ ಹೆಂಡದಂಗಡಿಯ ಟಾಮ್ ಬೇಲಿ, ರಾತ್ರಿ ಗೋರಿ ಅಗೆಯಲೂ ಸೈ. ಅದೇ ವರ್ಷದ 'ದಿ ಪ್ಲೇಗ್ ಆಫ್ ದಿ ಜೋಂಬೀಸ್' ಕೂಡ ಅದೇ ಸೆಟ್‌ಗಳಲ್ಲೇ ತೆಗೆದದ್ದು. ಅಲ್ಲಿ ಇವರು ಸಾರ್ಜೆಂಟ್. ನನಗಂತೂ 'ದಿ ಮಮ್ಮೀಸ್ ಶ್ರೌಡ್'ನಲ್ಲಿ ಯಜಮಾನನಿಗೆ ಸದಾ ಹೆದರುವ ಸಹಾಯಕ ಲಾಂಗ್‌ಬ್ಯಾರೋನೇ ಹೆಚ್ಚು ಇಷ್ಟ. ಸಿನಿಮಾ ಸಾಧಾರಣ, ಆ ಪಾತ್ರ ಮಾತ್ರ ಅಲ್ಲ.