‘ಲೂಸು’, ‘ಮೂಗ’, ‘ಕುಂಟು ನೆಪ’: ಯಾವ ಮಾತು ಯಾರಿಗೆ ತಾಗುತ್ತದೆ?

ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ ವಿಷಯದ ಸುತ್ತ ಇವೆ. ಅಂಗವೈಕಲ್ಯ, ಮನೋರೋಗಗಳ ಹೆಸರು ಹಿಡಿದು ನಾವು ದಿನಾ ಆಡುವ ಮಾತುಗಳು, ಬೈಗುಳಗಳು. ಉತ್ತರಿಸಿದವರು ಮಾತು ಮತ್ತು ಶ್ರವಣ ತಜ್ಞೆ.

ಪ್ರಶ್ನೆ: ಗೆಳೆಯರ ನಡುವೆ ‘ಲೂಸಾ ನೀನು?’, ‘ಮೆಂಟ್ಲು’, ‘ಈಡಿಯಟ್’ ಅನ್ನೋದು ದಿನಾ ಇದ್ದದ್ದೇ. ಮೊನ್ನೆ ಕ್ಲಾಸಿನ ಹುಡುಗಿಯೊಬ್ಬಳು ‘ಅವೆಲ್ಲ ಕಾಯಿಲೆಯವರನ್ನು ಹೀಯಾಳಿಸೋ ಪದ’ ಅಂದಳು. ಸುಮ್ನೆ ತಮಾಷೆಗೆ ಅನ್ನೋದಕ್ಕೂ ಇಷ್ಟೆಲ್ಲ ಯೋಚಿಸಬೇಕಾ ಮೇಡಂ?
ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಉತ್ತರ: ಮೂರನ್ನೂ ಒಂದೇ ತಕ್ಕಡಿಗೆ ಹಾಕುವುದು ಬೇಡ.

‘ಈಡಿಯಟ್’ ಒಂದು ಕಾಲಕ್ಕೆ ಡಾಕ್ಟರುಗಳು ವರದಿಯಲ್ಲಿ ಬರೆಯುತ್ತಿದ್ದ ಪದ. 1910ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹೆನ್ರಿ ಗೊಡ್ಡಾರ್ಡ್ ಬುದ್ಧಿ ಬೆಳವಣಿಗೆ ಕಮ್ಮಿ ಇದ್ದವರನ್ನು ಮೂರು ಗುಂಪು ಮಾಡಿದರು. ಎರಡು ವರ್ಷದ ಮಗುವಿನಷ್ಟು ಬುದ್ಧಿ ಇದ್ದರೆ ಈಡಿಯಟ್. ಮೂರರಿಂದ ಏಳಾದರೆ ಇಂಬೆಸಿಲ್. ಎಂಟರಿಂದ ಹನ್ನೆರಡಾದರೆ ಮೋರಾನ್. ಈ ಕೊನೆಯದನ್ನು ಗ್ರೀಕ್ ಪದವೊಂದರಿಂದ ಅವರೇ ಹುಟ್ಟಿಸಿದ್ದು.

ಹಣೆಪಟ್ಟಿ ಕಾಗದದ ಮೇಲಷ್ಟೇ ಉಳಿಯಲಿಲ್ಲ. 1927ರಲ್ಲಿ ವರ್ಜೀನಿಯಾದ ಕ್ಯಾರಿ ಬಕ್ ಎಂಬ ಹೆಣ್ಣುಮಗಳಿಗೆ ಬಲವಂತವಾಗಿ ಮಕ್ಕಳಾಗದ ಆಪರೇಷನ್ ಮಾಡಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟೇ ಒಪ್ಪಿಗೆ ಕೊಟ್ಟಿತು. ‘ಮೂರು ತಲೆಮಾರಿನ ಇಂಬೆಸಿಲ್‌ಗಳು ಸಾಕು’ ಎಂದು ನ್ಯಾಯಮೂರ್ತಿ ಹೋಮ್ಸ್ ತೀರ್ಪಿನಲ್ಲಿ ಬರೆದರು. ಆ ಮೂರನೇ ತಲೆಮಾರು ಯಾರು ಗೊತ್ತಾ? ಕ್ಯಾರಿಯ ಪುಟ್ಟ ಮಗಳು. ಮುಂದೆ ಅವಳು ಶಾಲೆಯಲ್ಲಿ ಚೆನ್ನಾಗಿ ಓದುವವರ ಪಟ್ಟಿಯಲ್ಲಿದ್ದಳು. ನಮ್ಮಲ್ಲೂ ಮನೋರೋಗಿಗಳ ಕುರಿತ 1912ರ ಲೂನಸಿ ಕಾಯ್ದೆಯಲ್ಲಿ ‘ಈಡಿಯಟ್’ ಎಂಬ ಪದವೇ ಇತ್ತು. 1987ರಲ್ಲಿ ಬೇರೆ ಕಾಯ್ದೆ ಬರುವವರೆಗೂ ಅದು ಹೋಗಲಿಲ್ಲ.

ಇಷ್ಟಾದರೂ ಇವತ್ತು ‘ಈಡಿಯಟ್’ ಅಂದರೆ ಯಾರಿಗೂ ಯಾವ ರೋಗಿಯೂ ನೆನಪಾಗುವುದಿಲ್ಲ. ಆ ನಂಟು ಸವೆದುಹೋಗಿದೆ. ನಾನಂತೂ ಅದರ ಬೆನ್ನು ಹತ್ತುವುದಿಲ್ಲ. ‘ಲೂಸು’ ಕೂಡ ಗೆಳೆಯರ ಮಧ್ಯೆ ಬಹಳಷ್ಟು ಸಲ ಹಾಗೇ ತೇಲಿ ಹೋಗುತ್ತದೆ. ‘ಮೆಂಟ್ಲು’ ಮಾತ್ರ ಬೇರೆ. ಅದರ ಹಿಂದೆಯೇ ‘ಇವನ್ನ ನಿಮ್ಹಾನ್ಸ್‌ಗೆ ಸೇರಿಸ್ರೋ’ ಎಂಬ ಜೋಕು ಬರುತ್ತದೆ. ಹುಬ್ಬಳ್ಳಿ ಕಡೆಯಾದರೆ ಧಾರವಾಡದ ಆಸ್ಪತ್ರೆಯ ಹೆಸರು. ಇದರ ಫಲ ನಮಗೆ ದಿನಾ ಕಾಣುತ್ತದೆ. ಮಗನಿಗೆ ಖಿನ್ನತೆ ಅಂತ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದವರು ಊರಲ್ಲಿ ‘ತಲೆನೋವಿಗೆ ಸ್ಕ್ಯಾನ್ ಮಾಡಿಸೋಕೆ ಹೋಗಿದ್ವಿ’ ಅನ್ನುತ್ತಾರೆ. ಎಷ್ಟೋ ಜನ ಆ ಗೇಟು ದಾಟುವುದೇ ಇಲ್ಲ. ಫಿಟ್ಸ್, ಪಾರ್ಶ್ವವಾಯುಗಳಿಗೂ ಅಲ್ಲೇ ಚಿಕಿತ್ಸೆ ಇದೆ, ಆ ಮನೆಗಳವರೂ ಹಿಂಜರಿಯುತ್ತಾರೆ. ನಿಮ್ಮ ಗುಂಪಿನಲ್ಲಿ ಯಾರು ಮಾತ್ರೆ ನುಂಗುತ್ತಿದ್ದಾರೆ ಅಂತ ನಿಮಗೆ ಗೊತ್ತಿರಲ್ಲ. ಆಸ್ಪತ್ರೆ ಜೋಕು ಮೊದಲು ಬಿಡಿ. ಉಳಿದದ್ದು ಆಮೇಲೆ.

ಪ್ರಶ್ನೆ: ನಾನು ಪ್ರೌಢಶಾಲೆಯ ಕನ್ನಡ ಶಿಕ್ಷಕ. ‘ಕುಂಟು ನೆಪ’, ‘ಕುರುಡು ನಂಬಿಕೆ’ ಬಳಸಬಾರದು ಎಂದು ಯಾರೋ ತರಬೇತಿಯಲ್ಲಿ ಹೇಳಿದರು. ಹಾಗಾದರೆ ಗಾದೆಗಳನ್ನೂ ವಚನಗಳನ್ನೂ ಬಿಡಬೇಕಾ?
ಶಿಕ್ಷಕ, ಹಾವೇರಿ ಜಿಲ್ಲೆ

ಉತ್ತರ: ಬೇಡ ಮೇಷ್ಟ್ರೇ. ಅಷ್ಟು ದೂರ ಹೋದರೆ ನಾಳೆ ಕುಂಟಾಬಿಲ್ಲೆ ಆಟಕ್ಕೂ ಹೊಸ ಹೆಸರು ಹುಡುಕಬೇಕಾದೀತು!

‘ಕುಂಟು ನೆಪ’ ಅಂದರೆ ನಿಲ್ಲಲಾರದ ನೆಪ. ಅಲ್ಲಿ ಕುಂಟುವುದು ನೆಪ, ಮನುಷ್ಯ ಅಲ್ಲ. ನಾನಾದರೆ ‘ಹುರುಳಿಲ್ಲದ ನೆಪ’ ಅಂತ ಬರೆಯುತ್ತೇನೆ. ಬೇರೆಯವರು ಬರೆದರೆ ಕೆಂಪು ಶಾಯಿ ಎಳೆಯುವುದಿಲ್ಲ. ‘ಕುಂಟನಿಗೆ ಎಂಟು ಚೇಷ್ಟೆ’ ಮಾತ್ರ ಬೇರೆ ಜಾತಿಯ ಮಾತು. ಅದು ಕಾಲು ಸರಿಯಿಲ್ಲದವರ ಗುಣದ ಮೇಲೇ ತೀರ್ಪು ಕೊಡುತ್ತದೆ. ಪೋಲಿಯೊ ಆದ ಹುಡುಗ ಎಲ್ಲರಂತೆ ಒಂದು ತಂಟೆ ಮಾಡಿದರೂ ಈ ಗಾದೆ ಅವನ ತಲೆಗೆ ಬೀಳುತ್ತದೆ. ಮಿಕ್ಕವರ ತಂಟೆಗೆ ಗಾದೆಯೇ ಇಲ್ಲ ನೋಡಿ. ಗಾದೆ ಪುಸ್ತಕದಲ್ಲಿ ಅದು ಇರಲಿ, ಹಳೆಯ ಕಾಲದ ಮನಸ್ಸು ತಿಳಿಯಲು ಬೇಕು. ಹುಡುಗರನ್ನು ಗದರಲು ಬೇಡ.

ಇನ್ನು ವಚನ. ಬಸವಣ್ಣನವರು ತಮ್ಮನ್ನು ಹೆಳವ, ಅಂಧಕ, ಕಿವುಡ ಮಾಡು ಎಂದು ಕೂಡಲಸಂಗನನ್ನು ಬೇಡಿದ್ದು ನಿಮಗೆ ಗೊತ್ತೇ ಇದೆ. ಅಲ್ಲಿ ಯಾರನ್ನೂ ಹೀಗಳೆದಿಲ್ಲ, ಕೇಳಿಕೊಂಡದ್ದು ತಮಗೇ. ಪಾಠ ಮಾಡುವಾಗ ‘ಹೆಳವ’ ಪದವನ್ನು ಒಂದು ನಿಮಿಷ ಜಾಸ್ತಿ ಹಿಡಿದುಕೊಳ್ಳಿ. ನಿಮ್ಮ ಕಡೆಯೇ ಎತ್ತಿನ ಮೇಲೆ ಊರೂರು ತಿರುಗಿ, ಮನೆಮನೆಯ ವಂಶಾವಳಿ ಹೇಳುವ ಹೆಳವರು ಬರುತ್ತಾರಲ್ಲ. ನಾವು ಮರೆತ ಮುತ್ತಜ್ಜನ ಹೆಸರು ಅವರ ಬಾಯಲ್ಲಿರುತ್ತದೆ. ಕಾಲಿಲ್ಲದವನು ಎಂಬ ಅರ್ಥದ ಪದವೇ ಅಲ್ಲಿ ಒಂದು ಸಮುದಾಯದ ಹೆಸರು, ಒಂದು ವಿದ್ಯೆಯ ಹೆಸರು.

ತರಬೇತಿಯವರು ಹೇಳದೆ ಬಿಟ್ಟದ್ದು ಬಹುಶಃ ಇದು: ಕನ್ನಡದಲ್ಲಿ ಪೆಟ್ಟು ಎಷ್ಟೋ ಸಲ ಇರುವುದು ಏಕವಚನದಲ್ಲಿ. ಊರಲ್ಲಿ ಅರವತ್ತು ದಾಟಿದ ಅಂಗಡಿಯವರನ್ನೂ ‘ಕುಂಟ ಅಂಗಡಿ ತೆಗೆದ್ನಾ?’ ಅಂತ ಕೇಳುತ್ತಾರೆ. ಪಕ್ಕದ ಅಂಗಡಿಯಲ್ಲಿ ಕೂತ ಮೂವತ್ತರ ಹುಡುಗ ‘ಸಾವ್ಕಾರ್ರು’. ಮಕ್ಕಳಿಗೆ ಇದನ್ನು ತೋರಿಸಿ, ಗಾದೆಗಳ ಪಟ್ಟಿ ಮಾಡಿಸುವುದಕ್ಕಿಂತ ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ನಾವು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇವೆ. ಮಗಳು ಯಾರಿಗೋ ‘ಸ್ಪ್ಯಾಜ್’ ಅಂದಳಂತೆ, ಶಾಲೆಯಿಂದ ಕರೆ ಬಂತು. ಬೆಂಗಳೂರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಅಂತ ಬೋರ್ಡೇ ಇದೆಯಲ್ವಾ? ಅಷ್ಟು ದೊಡ್ಡ ತಪ್ಪಾ ಅದು?
ಒಬ್ಬ ತಂದೆ

ಉತ್ತರ: ಅಲ್ಲಿ ದೊಡ್ಡದೇ. ಸ್ನಾಯು ಬಿಗಿಯುವುದಕ್ಕೆ ವೈದ್ಯರು ಇಂದಿಗೂ ‘ಸ್ಪಾಸ್ಟಿಕ್’ ಅನ್ನುತ್ತಾರೆ. ಮಿದುಳಿನ ಪಾರ್ಶ್ವವಾಯು, ಅಂದರೆ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗಾಗಿ ಬ್ರಿಟನ್ನಿನಲ್ಲಿ 1952ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಶುರುವಾಯಿತು. ಆಟದ ಮೈದಾನದಲ್ಲಿ ಅದೇ ಪದ, ಮೊಟಕಾಗಿ ‘ಸ್ಪ್ಯಾಜ್’ ಅಂತಲೂ, ಬೈಗುಳವಾಯಿತು. ಎಷ್ಟರ ಮಟ್ಟಿಗೆ ಅಂದರೆ 1994ರಲ್ಲಿ ಸಂಸ್ಥೆಯೇ ‘ಸ್ಕೋಪ್’ ಎಂದು ಹೆಸರು ಬದಲಿಸಿಕೊಂಡಿತು. ಬೆಂಗಳೂರಿನಲ್ಲಿ ಆ ಪದ ಯಾವತ್ತೂ ಬೀದಿಗೆ ಇಳಿಯಲೇ ಇಲ್ಲ. ಹಾಗಾಗಿ 1980ರಲ್ಲಿ ಹುಟ್ಟಿದ ಇಂದಿರಾನಗರದ ಸಂಸ್ಥೆಗೆ ಆ ಹೆಸರಿನಿಂದ ಅಂಥ ತೊಂದರೆ ಆಗಿಲ್ಲ.

ಅಮೆರಿಕದಲ್ಲೂ ‘ಸ್ಪ್ಯಾಜ್’ ಹಗುರವಾದ ಪದವೇ ಆಗಿತ್ತು. 2022ರಲ್ಲಿ ಲಿಜ್ಜೊ, ಬಿಯಾನ್ಸೆ ಇಬ್ಬರೂ ಟೀಕೆ ಬಂದ ಮೇಲೆ ತಮ್ಮ ಹಾಡಿನಿಂದ ಅದನ್ನು ತೆಗೆದರು. ಮಗಳಿಗೆ ಬೈಯಬೇಡಿ. ಬ್ರಿಟನ್ನಿನದೇ ಜೋಯಿ ಡೀಕನ್ ಕಥೆ ಹೇಳಿ. ಸೆರೆಬ್ರಲ್ ಪಾಲ್ಸಿ ಇದ್ದ ಅವರನ್ನು 1981ರಲ್ಲಿ ಮಕ್ಕಳ ಟಿವಿ ಕಾರ್ಯಕ್ರಮದಲ್ಲಿ ತೋರಿಸಿದರು, ಮಕ್ಕಳಿಗೆ ತಿಳಿವಳಿಕೆ ಬರಲಿ ಅಂತ. ಆಗಿದ್ದೇನು? ಶಾಲೆಗಳಲ್ಲಿ ‘ಜೋಯಿ’ ಅನ್ನುವುದೇ ಬೈಗುಳವಾಯಿತು. ಒಬ್ಬ ಮನುಷ್ಯನ ಹೆಸರು!

ಪ್ರಶ್ನೆ: ನನ್ನ ಮಗನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ನಮ್ಮತ್ತೆ, ಓರಗಿತ್ತಿ ಎಲ್ಲ ‘ಮೂಗ’ ಅಂತಲೇ ಕರೆಯುತ್ತಾರೆ. ಸರ್ಕಾರದ ಕಾಗದದಲ್ಲಿ ಒಮ್ಮೆ ಅಂಗವಿಕಲ, ಒಮ್ಮೆ ವಿಕಲಚೇತನ, ಒಮ್ಮೆ ದಿವ್ಯಾಂಗ. ಯಾವುದು ಸರಿ?
ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ‘ಮೂಗ’ ಅನ್ನುವುದು ಅವಮಾನ ಹೌದು. ಅದಕ್ಕಿಂತ ಮೊದಲು ಅದು ಸುಳ್ಳು. ಇಂಥ ಮಕ್ಕಳ ಗಂಟಲು, ನಾಲಿಗೆ ಸಾಮಾನ್ಯವಾಗಿ ಸರಿಯಾಗೇ ಇರುತ್ತವೆ. ಮಾತು ಕಿವಿಗೆ ಬೀಳದೆ ಬಾಯಿಗೆ ಬರುವುದು ಹೇಗೆ? ಈ ಪದದ ನಿಜವಾದ ಹಾನಿ ಬೇರೆ ಇದೆ. ‘ಮೂಗ’ ಅಂದ ಕೂಡಲೇ ಮನೆಯವರು ಮಗುವಿನ ಜೊತೆ ಮಾತೇ ನಿಲ್ಲಿಸಿಬಿಡುತ್ತಾರೆ. ಸನ್ನೆಯೂ ಇಲ್ಲ, ತುಟಿಯೂ ಇಲ್ಲ. ಭಾಷೆ ಕಲಿಯುವ ಒಳ್ಳೆಯ ವರ್ಷಗಳು ಹಾಗೇ ಕಳೆದುಹೋಗುತ್ತವೆ.

ನಮ್ಮಲ್ಲಿಗೆ ಬಂದ ಒಬ್ಬ ಅಜ್ಜಿ ‘ಅವನಿಗೇನು ಕೇಳ್ತೀರಮ್ಮ, ಮೂಗ ಅವನು’ ಅಂದರು. ಹುಡುಗ ಅಜ್ಜಿಯ ಬಾಯನ್ನೇ ನೋಡುತ್ತಿದ್ದ, ತಟ್ಟನೆ ತಲೆ ತಗ್ಗಿಸಿದ. ‘ಮೂ’ ಅನ್ನುವಾಗ ತುಟಿ ಮುಚ್ಚಿ ಮುಂದಕ್ಕೆ ಬರುತ್ತದೆ. ತುಟಿ ಓದುವವರಿಗೆ ಅದು ಸುಲಭವಾಗಿ ಕಾಣುತ್ತದೆ. ಕೇಳಲ್ಲ ಅಂತ ಅವನ ಎದುರೇ ಏನೂ ಅನ್ನಬಹುದು ಅಂದುಕೊಳ್ಳುವುದು ಬೇಡ ಅಂತ ನಿಮ್ಮತ್ತೆಗೆ ಹೇಳಿ. ಮನೆಯಲ್ಲಿ ಅವನನ್ನು ಹೆಸರು ಹಿಡಿದೇ ಕರೆಯಲಿ. ಹೊರಗಿನವರು ಕೇಳಿದರೆ ‘ಅವನಿಗೆ ಕಿವಿ ಕೇಳಿಸಲ್ಲ, ಎದುರಿಗೆ ನಿಂತು ಮಾತಾಡಿ’ ಅಂದರೆ ಸಾಕು. ಅದರಲ್ಲಿ ಮಾಹಿತಿಯೂ ಇದೆ, ಏನು ಮಾಡಬೇಕು ಅನ್ನುವುದೂ ಇದೆ.

ಸರ್ಕಾರಿ ಹೆಸರುಗಳ ಬಗ್ಗೆ ನನಗೆ ಅಂಥ ಉತ್ಸಾಹ ಇಲ್ಲ. ಪ್ರಧಾನಿಯವರು 2015ರ ಕೊನೆಯಲ್ಲಿ ‘ದಿವ್ಯಾಂಗ’ ಎಂಬ ಹೆಸರು ಸೂಚಿಸಿದಾಗ ಹಲವು ಅಂಗವಿಕಲರ ಸಂಘಟನೆಗಳೇ ಒಪ್ಪಲಿಲ್ಲ. ನಮ್ಮಲ್ಲಿ ದೈವಿಕವಾದದ್ದೇನೂ ಇಲ್ಲ, ರ‍್ಯಾಂಪ್ ಕೊಡಿ, ಕೆಲಸ ಕೊಡಿ ಅನ್ನುವುದು ಅವರ ವಾದ. ಅರ್ಜಿಯಲ್ಲಿ ಏನಿದೆಯೋ ಅದನ್ನೇ ತುಂಬಿ. ಮಗ ದೊಡ್ಡವನಾದ ಮೇಲೆ ತನ್ನನ್ನು ಏನಂತ ಕರೆಯಬೇಕು ಅಂತ ಅವನೇ ಹೇಳುತ್ತಾನೆ. ಸನ್ನೆ ಭಾಷೆ ಆಡುವ ಎಷ್ಟೋ ಜನ ‘ನಾವು ಕಿವುಡರು’ ಅಂತ ನೇರವಾಗಿ, ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ.

ಪ್ರಶ್ನೆ: ಹೀಗೆ ಕರೆದರೆ ಕೇಸು ಹಾಕಬಹುದಾ?
ಓದುಗರು, ತುಮಕೂರು

ಉತ್ತರ: ಹಾಕಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಇದೆ. ನಾಲ್ಕು ಜನರ ಎದುರು, ಅವಮಾನ ಮಾಡಬೇಕು ಅಂತಲೇ ಬೈದರೆ ಕನಿಷ್ಠ 6 ತಿಂಗಳು, ಗರಿಷ್ಠ 5 ವರ್ಷ ಜೈಲು, ಜೊತೆಗೆ ದಂಡ. ಬೇಕಂತಲೇ ಅಂದದ್ದು ಎಂದು ತೋರಿಸಬೇಕು. ಸಿನಿಮಾ, ಟಿವಿಯವರಿಗೆ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟಿದೆ. ಅಂಗವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅಂಗವಿಕಲರನ್ನು ತುಳಿಯುವ ಹಾಸ್ಯ ಬೇರೆ ಅಂತ ಅದು ಗೆರೆ ಎಳೆದಿದೆ. ನಮ್ಮ ಕಾಮಿಡಿ ಶೋಗಳ ತೊದಲುವ ಪಾತ್ರಗಳು ಆ ಗೆರೆಯ ಯಾವ ಕಡೆ ಇವೆ ಅಂತ ನೀವೇ ನೋಡಿ.

ಪ್ರಶ್ನೆ: ಹಾಗಾದ್ರೆ ಬೈಯೋದಾದ್ರೂ ಹೇಗೆ? ಕ್ರಿಕೆಟ್ ನೋಡುವಾಗ ‘ಅಂಪೈರ್ ಕುರುಡ’ ಅನ್ನದೆ ಇರೋಕಾಗಲ್ಲ.
ಕ್ರಿಕೆಟ್ ಪ್ರೇಮಿ, ಬೆಂಗಳೂರು

ಉತ್ತರ: ಬೈಗುಳಕ್ಕೆ ಕನ್ನಡದಲ್ಲಿ ಬರವೇ? ಎಬಡ, ಗಾಂಪ, ಬೆಪ್ಪುತಕ್ಕಡಿ, ಎಡಬಿಡಂಗಿ, ಅಡ್ಡಕಸುಬಿ, ದಂಡಪಿಂಡ... ಯಾವುದಕ್ಕೂ ಯಾರ ಕಣ್ಣು, ಕಾಲಿನ ಹಂಗಿಲ್ಲ.

ನಿಮ್ಮ ಹೋಲಿಕೆಗೆ ಕ್ರಿಕೆಟ್ ಕಡೆಯಿಂದಲೇ ತಕರಾರಿದೆ. 2012ರಲ್ಲಿ ಅಂಧರ ಮೊದಲ ಟಿ20 ವಿಶ್ವಕಪ್ ನಡೆದದ್ದು ನಿಮ್ಮ ಬೆಂಗಳೂರಿನಲ್ಲೇ. ಫೈನಲ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿದ ನಮ್ಮ ತಂಡದ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಲ್ಲಿ ಗಿಲಕಿಯಂತೆ ಸದ್ದು ಮಾಡುವ ಚೆಂಡು. ಬೌಲರ್ ‘ರೆಡಿ?’ ಅಂತ ಕೇಳಿ, ಬ್ಯಾಟರ್ ‘ಯೆಸ್’ ಅಂದ ಮೇಲೆ ‘ಪ್ಲೇ’ ಅಂತ ಕೂಗಿ ಕೈ ಕೆಳಗಿಂದ ಎಸೆಯುತ್ತಾನೆ. ಪೂರ್ತಿ ಕಣ್ಣು ಕಾಣದ ನಾಲ್ವರಾದರೂ ಪ್ರತಿ ತಂಡದಲ್ಲಿ ಇರಲೇಬೇಕು. ಅವರು ಸದ್ದು ಹಿಡಿದು ಕ್ಯಾಚ್ ತೆಗೆದುಕೊಳ್ಳುತ್ತಾರೆ. ಎಲ್‌ಬಿ ತಪ್ಪು ಕೊಟ್ಟ ಅಂಪೈರನ್ನು ಅವರಿಗೆ ಹೋಲಿಸಿದರೆ ಅಂಪೈರ್‌ಗೇ ಹೊಗಳಿಕೆ. ‘ನಿದ್ದೆ ಮಾಡ್ತಿದ್ದ’ ಅನ್ನಿ, ಸಾಕು.